ಅಂಕಿಗಳ ನಡೆ: ಪೂರ್ಣಾಂಕವಲ್ಲದ ಆಧಾರಗಳ ಗಣಿತ

ಗಂಗಾವತಿಯ ಅಕ್ಕಿಯನ್ನು ಸೇರು, ಪಾವು, ಚಟಾಕುಗಳಲ್ಲಿ ಅಳೆಯುತ್ತಿದ್ದ ಕಾಲದ ಲೆಕ್ಕ ಹಿರಿಯರಿಗೆ ನೆನಪಿದೆ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಒಂದು ಮಾಪಿಗೂ ಅದರ ಕೆಳಗಿನದಕ್ಕೂ ಇರುವ ಪಟ್ಟು ಪೂರ್ಣಾಂಕ. ಹತ್ತರ ಆಧಾರದಲ್ಲಿ ನಾವು ದಶಮಾಂಶ ಬರೆಯುವಾಗಲೂ, ಎರಡರ ಆಧಾರದಲ್ಲಿ ಕಂಪ್ಯೂಟರ್ ಲೆಕ್ಕ ಮಾಡುವಾಗಲೂ ಇದೇ ಕ್ರಮ. ಆ ಪಟ್ಟು ಸುವರ್ಣ ಅನುಪಾತವಾದ 1.618… ಆಗಿದ್ದರೆ? ಪ್ರತಿ ಮಾಪು ಮೇಲಿನದರ 0.618 ಪಾಲು ಆಗುತ್ತದೆ. ಆಗ ಅಕ್ಕಪಕ್ಕದ ಎರಡು ಮಾಪುಗಳು ಕೂಡಿದರೆ ಅವುಗಳ ಮೇಲಿನ ಮಾಪು ಸರಿಯಾಗಿ ತುಂಬುತ್ತದೆ. ಹೀಗಾಗಿ ದೊಡ್ಡದರಿಂದ ಶುರುಮಾಡಿ, ತುಂಬುವ ಮಾಪನ್ನೆಲ್ಲ ತುಂಬುತ್ತ ಇಳಿದರೆ, ಸಾಲಾಗಿ ಎರಡು ಮಾಪು ಬಳಸುವ ಪ್ರಸಂಗವೇ ಬರುವುದಿಲ್ಲ. ಬಳಸಿದ ಮಾಪಿಗೆ 1, ಬಿಟ್ಟದ್ದಕ್ಕೆ 0 ಎಂದು ಬರೆದು, ಸೇರಿನ ಸ್ಥಾನದ ನಂತರ ದಶಮಾಂಶದಂತೆ ಚುಕ್ಕೆ ಇಟ್ಟರೆ ಅರ್ಧ ಸೇರು 0.010010010… ಎಂದಾಗುತ್ತದೆ. ಎರಡು ಸೇರು 10.01 ಆಗುತ್ತದೆ.

ಇಂಥ ಪದ್ಧತಿಗಳ ಬಗ್ಗೆ ಗಣಿತಜ್ಞ ಕೆಂಪ್ನರ್ 1936ರಲ್ಲಿ ಬರೆದ. 1957ರಲ್ಲಿ ಜಾರ್ಜ್ ಬರ್ಗ್‌ಮನ್ ಎಂಬ ಅಮೆರಿಕದ ಬಾಲಕ ಸುವರ್ಣ ಆಧಾರದಲ್ಲಿ ಕೂಡುವ, ಕಳೆಯುವ ಬಗೆಯನ್ನು ಒಂದು ಗಣಿತ ಪತ್ರಿಕೆಯಲ್ಲಿ ವಿವರಿಸಿದ. ಅಲ್ಲಿಯವರೆಗಿನ ಪ್ರಶ್ನೆ ಸಂಖ್ಯೆಯನ್ನು ಬರೆಯುವುದು ಹೇಗೆ ಎಂಬುದಷ್ಟೇ ಆಗಿತ್ತು. ಅದೇ 1957ರಲ್ಲಿ ಹಂಗೇರಿಯ ಆಲ್ಫ್ರೆಡ್ ರೇನಿ ಪ್ರಶ್ನೆಯನ್ನೇ ಬದಲಿಸಿದ. 0 ಮತ್ತು 1ರ ನಡುವಿನ ಒಂದು ಸಂಖ್ಯೆಯನ್ನು ಆಧಾರವಾದ ಬೀಟಾದಿಂದ ಗುಣಿಸಿ. ಬಂದ ಪೂರ್ಣಾಂಕವೇ ಅಂಕಿ. ಅದನ್ನು ಬದಿಗಿಟ್ಟು ಉಳಿದ ಭಿನ್ನಭಾಗವನ್ನು ಮತ್ತೆ ಗುಣಿಸಿ. ಹೀಗೆ ನೋಡಿದರೆ ಸಂಖ್ಯೆ ಒಂದೆಡೆ ನಿಂತ ಗುರುತಲ್ಲ, ಹೆಜ್ಜೆ ಹಾಕುತ್ತ ಸಾಗುವ ಬಿಂದು. ಅದು ಯಾವ ಭಾಗದಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂದು ರೇನಿ ಕೇಳಿದ.

ಎರಡರ ಆಧಾರಕ್ಕೆ ಉತ್ತರವನ್ನು ಎಮಿಲ್ ಬೊರೆಲ್ 1909ರಲ್ಲೇ ಕೊಟ್ಟಿದ್ದ: ಬಹುಪಾಲು ಎಲ್ಲ ಸಂಖ್ಯೆಗಳಲ್ಲೂ 0 ಮತ್ತು 1 ಸಮಪಾಲಾಗಿ ಬರುತ್ತವೆ. ಸುವರ್ಣ ಆಧಾರದಲ್ಲಿ ಹಾಗಲ್ಲ. ಅಲ್ಲಿ 1 ಬಂದ ಕೂಡಲೇ 0 ಬರಲೇಬೇಕು, ಆದ್ದರಿಂದ ನೂರು ಅಂಕಿಗಳಲ್ಲಿ 1ರ ಪಾಲು ಸುಮಾರು 28 ಮಾತ್ರ. ಸರಾಸರಿ ದಟ್ಟಣೆಯನ್ನು 1 ಎಂದುಕೊಂಡರೆ, ಬಿಂದು 0ಯಿಂದ 0.618ರವರೆಗಿನ ಭಾಗದಲ್ಲಿ 1.17ರಷ್ಟು ದಟ್ಟವಾಗಿಯೂ ಅದರಾಚೆ 0.72ರಷ್ಟು ವಿರಳವಾಗಿಯೂ ಸುಳಿದಾಡುತ್ತದೆ. ಯಾವ ಆಧಾರಕ್ಕಾದರೂ ಇಂಥದೊಂದು ಸ್ಥಿರವಾದ ಹಂಚಿಕೆ ಇದ್ದೇ ಇರುತ್ತದೆ ಎಂದು ರೇನಿ ಸಾಧಿಸಿದ. ಅದರ ಸೂತ್ರವನ್ನು ರಷ್ಯಾದ ಗೆಲ್‌ಫೊಂಡ್ 1959ರಲ್ಲೂ ಇಂಗ್ಲೆಂಡಿನ ವಿಲಿಯಂ ಪ್ಯಾರಿ 1960ರಲ್ಲೂ ಬೇರೆಬೇರೆಯಾಗಿ ಕಂಡುಕೊಂಡರು.

ಈ ಕ್ಷೇತ್ರದ ನಿಜವಾದ ತಿರುವು ಪ್ಯಾರಿಯ ಆ ಲೇಖನ ಎಂದೇ ನನ್ನ ಅಭಿಪ್ರಾಯ. ಯಾವ ಅಂಕಿಸಾಲು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಆತ ಒಂದೇ ಸಾಲಿನಿಂದ ತೀರ್ಮಾನಿಸಿದ. 1 ಎಂಬ ಸಂಖ್ಯೆಯನ್ನೇ ಆ ಆಧಾರದಲ್ಲಿ ಬಿಡಿಸಿದಾಗ ಬರುವ ಸಾಲು ಇಡೀ ಪದ್ಧತಿಗೆ ಕಟ್ಟಳೆ. ಬೇರೆ ಯಾವ ಸಾಲನ್ನು ಎಲ್ಲಿಂದ ಓದತೊಡಗಿದರೂ ಅದು ನಿಘಂಟಿನ ಕ್ರಮದಲ್ಲಿ ಇದಕ್ಕಿಂತ ಹಿಂದೆಯೇ ಬರಬೇಕು. ಸುವರ್ಣ ಆಧಾರದಲ್ಲಿ ಈ ಕಟ್ಟಳೆ 11 ಕೂಡದು ಎಂಬಷ್ಟಕ್ಕೆ ಇಳಿಯುತ್ತದೆ.

ಈ ಕಟ್ಟಳೆ ಕನ್ನಡದ ಛಂದಸ್ಸು ಓದಿದವರಿಗೆ ಹೊಸದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಲಘುವನ್ನು 0 ಎಂದೂ ಗುರುವನ್ನು 10 ಎಂದೂ ಬರೆಯಿರಿ. ಯಾವ ಪದ್ಯವನ್ನು ಹೀಗೆ ಬರೆದರೂ ಎರಡು 1 ಒಟ್ಟಿಗೆ ಬರುವುದಿಲ್ಲ. ಸುವರ್ಣ ಆಧಾರದ ಅಂಕಿಸಾಲನ್ನೂ ಮರಳಿ ಲಘು–ಗುರುಗಳಾಗಿ ಓದಬಹುದು. ಮೇಲೆ ಕಂಡ ಅರ್ಧ, ಅಂದರೆ 010010010…, ಲಘು-ಗುರು, ಲಘು-ಗುರು ಎಂದು ಕೊನೆಯಿಲ್ಲದೆ ಸಾಗುತ್ತದೆ. ಮೂರು ಮಾತ್ರೆಗೆ 3 ಬಗೆ, ನಾಲ್ಕಕ್ಕೆ 5, ಐದಕ್ಕೆ 8 ಎಂಬ ಎಣಿಕೆಯನ್ನು, ಹಿಂದಿನೆರಡನ್ನು ಕೂಡಿದರೆ ಮುಂದಿನದು ಎಂಬ ನಿಯಮದೊಡನೆ, ಪ್ರಾಕೃತ ಛಂದಸ್ಸಿನ ವಿರಹಾಂಕನೂ 1150ರ ಸುಮಾರಿಗೆ ಹೇಮಚಂದ್ರನೂ ಹೇಳಿದ್ದಾರೆ. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ.

ಕೊಪ್ಪಳದ ನೆರೆಯ ಗದುಗಿನಲ್ಲಿ ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯನ್ನು ಈ ಕಣ್ಣಿನಿಂದ ನೋಡಬೇಕು. ಅದರ ಚಿಕ್ಕ ಸಾಲಿಗೆ 3+4+3+4, ಒಟ್ಟು 14 ಮಾತ್ರೆ. ಯಾವ ಕಟ್ಟೂ ಇಲ್ಲದಿದ್ದರೆ 14 ಮಾತ್ರೆಗಳನ್ನು 610 ಬಗೆಯಲ್ಲಿ ತುಂಬಬಹುದು. ಗುರು ಗಣದ ಎಲ್ಲೆಯನ್ನು ದಾಟಬಾರದು ಎಂದರೆ ಅದು 225ಕ್ಕೆ ಇಳಿಯುತ್ತದೆ. ಗಣ ‘ಲಗ’ದಿಂದ, ಅಂದರೆ ಲಘು-ಗುರುವಿನಿಂದ, ಶುರುವಾಗಬಾರದು ಎಂಬ ನಿಯಮವನ್ನೂ ಸೇರಿಸಿದರೆ ಉಳಿಯುವುದು 64. ಒಂದೊಂದು ನಿಷೇಧದ ಬಳಿಕ ಎಷ್ಟೆಷ್ಟು ಸ್ವಾತಂತ್ರ್ಯ ಉಳಿಯುತ್ತದೆ ಎಂಬ ಈ ಅಳತೆಗೆ ಗಣಿತದಲ್ಲಿ ಎಂಟ್ರೊಪಿ ಎಂದು ಹೆಸರು. ಕಟ್ಟಿಲ್ಲದ ಮಾತ್ರಾಸಾಲುಗಳ ಎಣಿಕೆ ಒಂದು ಮಾತ್ರೆ ಹೆಚ್ಚಿದಂತೆಲ್ಲ ಸುಮಾರು 1.618 ಪಟ್ಟು ಬೆಳೆಯುತ್ತದೆ. ಬೀಟಾ ಆಧಾರದಲ್ಲೂ ಸಲ್ಲುವ ಸಾಲುಗಳ ಬೆಳವಣಿಗೆಯ ಪಟ್ಟು ಬೀಟಾವೇ. ಛಂದಸ್ಸಿನ ಶಾಸ್ತ್ರಕಾರರು ಸುವರ್ಣ ಆಧಾರವನ್ನು ಬಲ್ಲವರಾಗಿದ್ದರು ಎಂದು ಹೇಳಲಾಗದು. ಆದರೆ ಅದರ ಎಲುಬುಗೂಡನ್ನು ಅವರು ಎಣಿಸಿಟ್ಟಿದ್ದರು.

ಎಲ್ಲ ಆಧಾರಗಳೂ ಸುವರ್ಣ ಅನುಪಾತದಷ್ಟು ಸುಲಭವಲ್ಲ. ಅದಕ್ಕೊಂದು ವಿಶೇಷ ಗುಣವಿದೆ: ಅದರ ಘಾತಗಳು ಪೂರ್ಣಾಂಕಗಳ ಹತ್ತಿರಕ್ಕೆ ಸರಿಯುತ್ತ ಹೋಗುತ್ತವೆ. ಹತ್ತನೆಯ ಘಾತ 122.99, ಇಪ್ಪತ್ತನೆಯದು 15126.9999. ಕಾರಣ, ಅದು ಮೂಲವಾಗಿರುವ ವರ್ಗಸಮೀಕರಣದ ಇನ್ನೊಂದು ಮೂಲ −0.618. ಅದರ ಘಾತಗಳು ಬೇಗ ಸೊನ್ನೆಯತ್ತ ಕುಗ್ಗುತ್ತವೆ. ಇಂಥ ಸಂಖ್ಯೆಗಳನ್ನು 1912ರಲ್ಲಿ ಥೂಯೆ ಗಮನಿಸಿದ್ದ. ಹಾರ್ಡಿ 1919ರಲ್ಲಿ ಅವುಗಳ ಬಗ್ಗೆ ಬರೆದದ್ದು ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ. ಆ ಸೊಸೈಟಿ ಮೊಳೆತದ್ದು ನಮ್ಮ ಬಯಲುಸೀಮೆಯಲ್ಲೇ. ಬಳ್ಳಾರಿ, ಗುಂತಕಲ್ಲು ದಾಟಿದರೆ ಸಿಗುವ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ 1906ರ ಡಿಸೆಂಬರಿನಲ್ಲಿ ಗೆಳೆಯರಿಗೆ ಬರೆದ ಪತ್ರಗಳಿಂದ ಅದು 1907ರಲ್ಲಿ ಹುಟ್ಟಿತು. ಮುಂದೆ ಫ್ರಾನ್ಸಿನ ಪಿಸೋ, ಹಾರ್ಡಿಯ ಶಿಷ್ಯ ಟಿ. ವಿಜಯರಾಘವನ್ ಈ ಸಂಖ್ಯೆಗಳನ್ನು ಆಳವಾಗಿ ಅಭ್ಯಸಿಸಿದ್ದರಿಂದ ಅವುಗಳಿಗೆ ಪಿಸೋ–ವಿಜಯರಾಘವನ್ ಸಂಖ್ಯೆಗಳೆಂಬ ಹೆಸರು ನಿಂತಿತು.

ಬೀಟಾ ಪದ್ಧತಿಯೊಳಗೆ ಇವುಗಳ ಬಲ ತಿಳಿದದ್ದು ತಡವಾಗಿ. ಆಧಾರ ಪಿಸೋ–ವಿಜಯರಾಘವನ್ ಸಂಖ್ಯೆಯಾದರೆ ಭಾಗಲಬ್ಧ ಸಂಖ್ಯೆಗಳೆಲ್ಲ ಕಡೆಗೆ ಆವರ್ತಕ್ಕೆ ಬೀಳುತ್ತವೆ ಎಂದು ಬರ್ತ್ರಾಂ 1977ರಲ್ಲೂ ಕ್ಲಾಸ್ ಷ್ಮಿಟ್ 1980ರಲ್ಲೂ ತೋರಿಸಿದರು. 0 ಮತ್ತು 1ರ ನಡುವಿನ ಎಲ್ಲ ಭಾಗಲಬ್ಧ ಸಂಖ್ಯೆಗಳೂ ಆವರ್ತಕ್ಕೆ ಬೀಳುವುದಾದರೆ ಆಧಾರ ಪಿಸೋ ಸಂಖ್ಯೆ ಅಥವಾ ಅದರ ಹತ್ತಿರದ ಬಂಧುವಾದ, ಸಮೀಕರಣದ ಇತರ ಮೂಲಗಳ ಗಾತ್ರ 1ನ್ನು ಮೀರದೆ ಕೆಲವು ಸರಿಯಾಗಿ 1 ಆಗಿರುವ, ಸೇಲಂ ಸಂಖ್ಯೆಯಾಗಿರಲೇಬೇಕು ಎಂಬುದನ್ನೂ ಷ್ಮಿಟ್ ಸಾಧಿಸಿದ. ಸೇಲಂ ಸಂಖ್ಯೆಗಳಿಗೂ ಆವರ್ತ ಖಚಿತವೇ ಎಂಬುದು ಆತ ಬಿಟ್ಟುಹೋದ ಊಹೆ. ಡೇವಿಡ್ ಬಾಯ್ಡ್ 1989ರಲ್ಲಿ ನಾಲ್ಕನೆಯ ಘಾತದ ಸಮೀಕರಣದಿಂದ ಬರುವ ಸೇಲಂ ಸಂಖ್ಯೆಗಳಲ್ಲಿ 1ರ ಸಾಲು ಆವರ್ತವೆಂದು ತೋರಿಸಿದ, ಪೂರ್ಣ ಉತ್ತರ ಮಾತ್ರ ಸಿಕ್ಕಿಲ್ಲ.

ಇನ್ನು ಬಹುರೂಪದ ಪ್ರಶ್ನೆ. ಒಂದನ್ನೇ ಹಲವು ಬಗೆಯಲ್ಲಿ ಬರೆಯುವ ಕುತೂಹಲ ನಮ್ಮಲ್ಲಿ ಹಳೆಯದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 1ನ್ನು 1/2+1/3+1/9+1/18 ಎಂಬಂತೆ ಬೇಕಾದಷ್ಟು ಏಕಾಂಶ ಭಿನ್ನರಾಶಿಗಳಾಗಿ ಒಡೆಯುವ ನಿಯಮ ಕೊಟ್ಟ.  ದೊಡ್ಡ ಮಾಪಿನಿಂದಲೇ ತುಂಬುತ್ತ ಬರಬೇಕೆಂಬ ಕ್ರಮವನ್ನು ಬಿಟ್ಟು 0, 1ಗಳನ್ನು ಬೇಕಾದಂತೆ ಬಳಸಿದರೆ, ಬೀಟಾ ಆಧಾರದಲ್ಲಿ ಬಹುರೂಪ ವಿಪರೀತವಾಗಿ ಬೆಳೆಯುತ್ತದೆ. ಆಧಾರ 1 ಮತ್ತು ಸುವರ್ಣ ಅನುಪಾತದ ನಡುವೆ ಇದ್ದರೆ, ಹಾಗೆ ಬರೆಯಬಹುದಾದ ವ್ಯಾಪ್ತಿಯ ಎರಡು ತುದಿಗಳನ್ನು ಬಿಟ್ಟು ಅದರೊಳಗಿನ ಪ್ರತಿಯೊಂದು ಸಂಖ್ಯೆಗೂ ಎಣಿಕೆಗೇ ಸಿಗದಷ್ಟು ರೂಪಗಳಿವೆ ಎಂದು ಎರ್ಡಿಶ್, ಯೋ, ಕೊಮೊರ್ನಿಕ್ 1990ರಲ್ಲಿ ಸಾಧಿಸಿದರು. 1 ಎಂಬುದಕ್ಕೆ ಒಂದೇ ಒಂದು ರೂಪ ಇರುವ ಅತಿ ಚಿಕ್ಕ ಆಧಾರ 1.78723… ಎಂದು ಕೊಮೊರ್ನಿಕ್, ಲೊರೆಟಿ 1998ರಲ್ಲಿ ಕಂಡರು. ಆ ರೂಪದ ಹಿಂದಿರುವುದು ಥೂಯೆ–ಮೋರ್ಸ್ ಸಾಲು: 0ಯಿಂದ ಹೊರಟು, ಬಂದಷ್ಟು ಸಾಲಿನ 0, 1ಗಳನ್ನು ಅದಲುಬದಲು ಮಾಡಿ ಅದರ ಮುಂದೆ ಜೋಡಿಸುತ್ತ ಹೋದರೆ ಸಿಗುವ ಸಾಲು.

ಈ ಬಹುರೂಪವೇ ತಂತ್ರಜ್ಞಾನಕ್ಕೆ ಉಪಕಾರವಾಯಿತು. ಮೈಕಿನಿಂದ ಬಂದ ವಿದ್ಯುತ್ ಅಲೆಯನ್ನು ಅಂಕಿಗಳಾಗಿ ಬದಲಿಸುವ ಸಾಧನ ಎರಡರ ಆಧಾರದಲ್ಲಿ ಒಮ್ಮೆ ತಪ್ಪು ಅಂಕಿ ಬರೆದರೆ ಮುಂದಿನ ಅಂಕಿಗಳಿಂದ ಅದನ್ನು ತಿದ್ದಲಾಗದು. ಆಧಾರ 2ಕ್ಕಿಂತ ಚಿಕ್ಕದಾದರೆ, ಒಂದು ದೊಡ್ಡ ಮಾಪು ತಪ್ಪಿಹೋದರೂ ಅದರ ಕೆಳಗಿನವು ಕೂಡಿ ತುಂಬಿಕೊಡುತ್ತವೆ. ಇಂಗ್ರಿಡ್ ಡೊಬೆಶಿ, ಡಿವೋರ್, ಗುಂಟುರ್ಕ್, ವಿನಯ್ ವೈಶಂಪಾಯನ್ 2006ರ ಲೇಖನದಲ್ಲಿ ಇದನ್ನು ಗಣಿತಬದ್ಧವಾಗಿ ಸ್ಥಾಪಿಸಿದರು.

ಇಷ್ಟಾದರೂ ಒಂದೂವರೆಯಂಥ ಸರಳ ಆಧಾರ ಹತೋಟಿಗೆ ಬಂದಿಲ್ಲ. ಕುಷ್ಟಗಿ, ಯಲಬುರ್ಗಾದ ಪಿಯು ವಿದ್ಯಾರ್ಥಿಗಳು ಇದನ್ನು ಕೈಯಲ್ಲೇ ಮಾಡಿ ನೋಡಬಹುದು. 1ರಿಂದ ಹೊರಟು 3/2ರಿಂದ ಗುಣಿಸುತ್ತ, ಪೂರ್ಣಾಂಕವನ್ನು ಬಿಡುತ್ತ ಬಂದರೆ ಉಳಿಯುವುದು 1/2, 3/4, 1/8, 3/16, 9/32… ಅಂಕಿಗಳು 1, 0, 1, 0, 0. ಛೇದ ಪ್ರತಿ ಹೆಜ್ಜೆಗೂ ಇಮ್ಮಡಿಯಾಗುತ್ತದೆ, ಅಂಶ ಬೆಸವಾಗಿಯೇ ಉಳಿಯುತ್ತದೆ. ಆದ್ದರಿಂದ ಯಾವ ಭಿನ್ನರಾಶಿಯೂ ಎರಡನೆಯ ಸಲ ಬರಲಾರದು, ಆವರ್ತವೂ ಹುಟ್ಟಲಾರದು. ಇದರ ಹತ್ತಿರದ ನೆಂಟನಾದ ಇನ್ನೊಂದು ಪ್ರಶ್ನೆಯಲ್ಲಿ ನಡುವೆ ಪೂರ್ಣಾಂಕವನ್ನು ಕಳೆಯದೆ 3/2ರ ಘಾತಗಳನ್ನು ನೇರವಾಗಿ ತೆಗೆದು, ಅವುಗಳ ಭಿನ್ನಭಾಗಗಳನ್ನು ಮಾತ್ರ ನೋಡುತ್ತೇವೆ. ಅವು ಅನಂತ ಸಂಖ್ಯೆಯ ಬಿಂದುಗಳ ಸುತ್ತ ಮತ್ತೆ ಮತ್ತೆ ಗುಂಪುಗೂಡುತ್ತವೆ ಎಂದು ವಿಜಯರಾಘವನ್ 1940ರಲ್ಲಿ ಸಾಧಿಸಿದರು. ಅವು 0ಯಿಂದ 1ರವರೆಗಿನ ಪ್ರತಿ ತುಣುಕಿನೊಳಗೂ, ಅದೆಷ್ಟೇ ಕಿರಿದಾಗಿದ್ದರೂ, ಒಮ್ಮೆಯಾದರೂ ಕಾಲಿಡುತ್ತವೆಯೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ.