ತಾಳಗುಂದದಿಂದ ಪಡುಗಡಲಿಗೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದವು ಇಂದು ಸಣ್ಣದೊಂದು ಗ್ರಾಮ. ಶಿರಾಳಕೊಪ್ಪದ ಪೇಟೆಯಿಂದ ಬೈಸಿಕಲ್ಲನ್ನೇರಿ ಹೊರಟವನು ಒಂದು ಗಳಿಗೆಯೊಳಗೆ ಪ್ರಣವೇಶ್ವರನ ಸನ್ನಿಧಿಯನ್ನು ಸೇರಬಹುದು. ಆ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವನ್ನು 1894ರಲ್ಲಿ ರೈಸ್ ಮಹಾಶಯರು ಕಂಡು ಲೋಕಕ್ಕೆ ತಿಳಿಸಿದರು. ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತಕಾವ್ಯವೊಂದು ಅದರ ಮೈಮೇಲೆ ಕೆತ್ತಲ್ಪಟ್ಟಿದೆ. ವೀರಶರ್ಮನೆಂಬ ಗುರುವಿನೊಡನೆ ಮಯೂರಶರ್ಮನು ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದುದೂ, ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾಗಲು ದರ್ಭೆ ಹಿಡಿಯುವ ಕೈಯಲ್ಲಿ ಖಡ್ಗವನ್ನು ಹಿಡಿದುದೂ ಅದರಿಂದಲೇ ನಮ್ಮ ಜನಕ್ಕೆ ವಿದಿತವಾದವು.

ಅದೇ ಶಾಸನದಲ್ಲಿ, ಓದುವವರು ಸಾಮಾನ್ಯವಾಗಿ ದಾಟಿ ಹೋಗುವ ಇನ್ನೊಂದು ಸಂಗತಿಯಿದೆ. ಪಲ್ಲವರು ಕೊನೆಗೆ ಮಯೂರಶರ್ಮನಿಗೆ ಒಪ್ಪಿಸಿಕೊಟ್ಟ ನಾಡಿನ ಒಂದು ಎಲ್ಲೆ ಪ್ರೇಹರ, ಇನ್ನೊಂದು ಅಪರಾರ್ಣವ. ಪ್ರೇಹರವು ಯಾವುದೆಂಬಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಅಪರಾರ್ಣವವು ಪಡುಗಡಲೆಂಬಲ್ಲಿ ಸಂದೇಹವಿಲ್ಲ. ಘಟ್ಟದ ಮೇಲಣ ಈ ಬಯಲಿನಲ್ಲಿ ಹುಟ್ಟಿದ ರಾಜ್ಯವು ತನ್ನ ಮೇರೆಯನ್ನು ಕಡಲಿನಿಂದ ಅಳೆಯಿತು. ಆದರೆ ತಾಳಗುಂದದಲ್ಲಿ ಬಿದ್ದ ಮಳೆಯ ನೀರು ಆ ಕಡಲಿಗೆ ಹೋಗುವುದಿಲ್ಲ. ಇಲ್ಲಿಯ ಕೆರೆಗಳ ಕೋಡಿ ಹರಿದು, ವರದೆಯನ್ನಾಗಲಿ ಕುಮುದ್ವತಿಯನ್ನಾಗಲಿ ಕೂಡಿ, ತುಂಗಭದ್ರೆಗೆ ಬಿದ್ದು, ಕೃಷ್ಣೆಯೊಡನೆ ಮೂಡಗಡಲನ್ನು ಸೇರುತ್ತದೆ. ನೀರು ಮೂಡಲಿಗೆ, ದಾರಿ ಪಡುವಲಿಗೆ. ನೀರು ತಾನಾಗಿ ಹರಿಯುವುದು. ದಾರಿಯನ್ನು ಮನುಷ್ಯನು ಏರಿ ಇಳಿದು ಮಾಡಿಕೊಳ್ಳಬೇಕು. ಈ ಸೀಮೆಯ ಚರಿತ್ರೆಯಲ್ಲಿ ದೊಡ್ಡ ಭಾಗವು ಆ ಏರಿಳಿತದ ಚರಿತ್ರೆಯೇ ಆಗಿದೆ.

ಇತ್ತೀಚಿನ ವರ್ಷಗಳಲ್ಲಿ ಬೈಸಿಕಲ್ಲಿನ ಮೇಲೆ ದೂರಪ್ರಯಾಣ ಮಾಡುವ ತರುಣರು ಮಲೆನಾಡಿನಿಂದ ಕರಾವಳಿಗೆ ಇಳಿಯುವ ಹಾದಿಗಳನ್ನು ಅರಸಿ ಬರುತ್ತಿದ್ದಾರೆ. ಅವರಿಗೆ ಬೇಕಾದುದು ಹಸುರು, ತಿರುವು, ಕಡಲಗಾಳಿ. ಅವರು ತುಳಿಯುವ ಹಾದಿಗಳಾದರೋ ಬಹುಮಟ್ಟಿಗೆ ಹೇರೆತ್ತಿನ ಹಾದಿಗಳು. ಎತ್ತಿಗೂ ಬೈಸಿಕಲ್ಲಿಗೂ ಒಂದು ಸಾಮ್ಯವಿದೆ: ಎರಡೂ ತಮ್ಮ ಉಸಿರಿನಿಂದಲೇ ಏರಬೇಕಾದವು. ಮೋಟಾರಿನಲ್ಲಿ ಕುಳಿತವನಿಗೆ ತಿಳಿಯದ ನೆಲದ ಓರೆ ಪೆಡಲನ್ನು ತುಳಿಯುವವನ ಮೊಣಕಾಲಿಗೆ ತಿಳಿಯುತ್ತದೆ.

ತಾಳಗುಂದದಿಂದ ಕಡಲಿಗೆ ಹೋಗತಕ್ಕವನಿಗೆ ಮೂರು ಮಾರ್ಗಗಳು ಮುಖ್ಯವಾದವು.

ಮೊದಲನೆಯದು ಬಡಗಣ ಮಾರ್ಗ. ಶಿರಾಳಕೊಪ್ಪದಿಂದ ಆನವಟ್ಟಿ, ಅಲ್ಲಿಂದ ವರದೆಯ ದಡದ ಬನವಾಸಿ, ಬನವಾಸಿಯಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆ. ಬನವಾಸಿಯವರೆಗೆ ದಾರಿಯು ಗದ್ದೆ ಕೆರೆಗಳ ನಡುವೆ ಸುಖವಾಗಿ ಸಾಗುತ್ತದೆ. ಆನವಟ್ಟಿಯ ಬಳಿಯ ಕುಬಟೂರಿನಲ್ಲಿ ಕೈಟಭೇಶ್ವರನ ಗುಡಿಯನ್ನು ನೋಡದೆ ಮುಂದೆ ಹೋಗುವುದು ಉಚಿತವಲ್ಲ. ಬನವಾಸಿಯ ಹೆಸರನ್ನು 2ನೆಯ ಶತಮಾನದ ಟಾಲೆಮಿಯೇ ಬಲ್ಲನು. ಯವನ ಗ್ರಂಥಕಾರನ ಕಿವಿಗೆ ಈ ಊರಿನ ಹೆಸರು ಬಿದ್ದಿತೆಂದರೆ, ಆ ಕಾಲಕ್ಕಾಗಲೇ ಘಟ್ಟದ ಮೇಲಿನ ಮಾತು ಕಡಲಿಗೆ ಇಳಿಯುತ್ತಿತ್ತೆಂದೇ ಅರ್ಥ. ದೇವಿಮನೆಯ ಹಾದಿ ಬಂಡಿಗಳಿಂದ ತುಂಬಿದುದು 19ನೆಯ ಶತಮಾನದಲ್ಲಿ. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧವು ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾಗಲು, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದಿತು. ಅದು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರಿತು. 1862ರಲ್ಲಿ ಉತ್ತರಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದುದಕ್ಕೂ ಈ ವ್ಯಾಪಾರಕ್ಕೂ ಸಂಬಂಧವಿದೆ. 1880ರ ದಶಕದ ಕೊನೆಗೆ ಮರ್ಮಗೋವೆಯವರೆಗೆ ರೈಲುದಾರಿ ಬಂದಮೇಲೆ ಕುಮಟೆಯ ಆ ವೈಭವವು ಇಳಿಯಿತು. ಹತ್ತಿ ಹೋಯಿತು, ದಾರಿ ಉಳಿಯಿತು.

ಎರಡನೆಯದು ನಡುವಣ ಮಾರ್ಗ: ಸೊರಬ, ಚಂದ್ರಗುತ್ತಿ, ಸಿದ್ಧಾಪುರ, ಮಾವಿನಗುಂಡಿ, ಅಲ್ಲಿಂದ ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರ. ಮೂರರಲ್ಲಿ ಇದೇ ಹೆಚ್ಚು ರಮಣೀಯವೆಂದು ಹೇಳಬೇಕು. ಚಂದ್ರಗುತ್ತಿಯ ಕೋಟೆಯ ಬೆಟ್ಟವು ಬಹು ದೂರದವರೆಗೂ ಪಯಣಿಗನ ಕಣ್ಣಿಗೆ ಗುರುತಾಗಿ ನಿಲ್ಲುತ್ತದೆ. ಸಿದ್ಧಾಪುರದ ಮುಂದೆ ಅಡಕೆಯ ತೋಟಗಳ ತಂಪು. ಮಾವಿನಗುಂಡಿಯಿಂದ ಸ್ವಲ್ಪ ಅಡ್ಡಹಾದಿ ಹಿಡಿದರೆ ಶರಾವತಿಯು 830 ಅಡಿ ಧುಮುಕುವ ಜೋಗ. ಅನಂತರ ನದಿಯೂ ದಾರಿಯೂ ಒಂದೇ ಕಡಲನ್ನು ಅರಸುತ್ತವೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಮೆಣಸು ಈ ಹಾದಿಯಿಂದ ಇಳಿಯುತ್ತಿತ್ತು; ಉಪ್ಪು ಮೊದಲಾದ ಕರಾವಳಿಯ ಸರಕು ಇದೇ ಹಾದಿಯಿಂದ ಏರುತ್ತಿತ್ತು.

1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಎಂಬ ಪ್ರವಾಸಿಯು ಪೋರ್ಚುಗೀಸರ ರಾಯಭಾರಿಯ ಸಂಗಡ ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಹೋದುದು ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ, ಅಲ್ಲಿಂದ ಘಟ್ಟವೇರಿ. ಅವನು ಕಂಡ ಗೇರುಸೊಪ್ಪೆಯು ಆಗಲೇ ಹಾಳೂರು. ಘಟ್ಟದ ದಾರಿಯ ಗುಡಿಯೊಂದರ ಜಗಲಿಯಲ್ಲಿ ತಂಗಿದ್ದಾಗ, ಕೆಲವು ಬಾಲಕರು ನೆಲದ ಮೇಲೆ ನಯವಾದ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಅವನು ಆಶ್ಚರ್ಯದಿಂದ ಬರೆದಿಟ್ಟನು. ಘಟ್ಟದ ದಾರಿಯಲ್ಲಿ ಮೆಣಸು ಮಾತ್ರವೇ ಸಂಚರಿಸಲಿಲ್ಲ. ವಿದ್ಯೆಯೂ ದಾರಿಯ ಪಕ್ಕದಲ್ಲಿಯೇ ಕುಳಿತಿತ್ತೆಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ಬೇಕಿಲ್ಲ. ಆ ಪರದೇಶಿಯ ಕಣ್ಣಿಗೆ ಇದು ಬಿದ್ದುದೂ ಅವನು ಮೆಲ್ಲನೆ ಪಯಣಿಸುತ್ತಿದ್ದುದರಿಂದ.

ಮೂರನೆಯದು ತೆಂಕಣ ಮಾರ್ಗ: ಸಾಗರದಿಂದ ಸಿಗಂದೂರು, ತುಮರಿ, ನಾಗೋಡಿ, ಕೊಲ್ಲೂರು, ಬೈಂದೂರು. ಇದರ ಕಥೆ ವ್ಯಥೆಯ ಕಥೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ ಶರಾವತಿಯು ನಿಂತು ಹಿನ್ನೀರಾಯಿತು. ಹಳ್ಳಿಗಳು ಮುಳುಗಿದವು, ಹಳ್ಳಿಗಳೊಡನೆ ಅವುಗಳ ದಾರಿಗಳೂ ಮುಳುಗಿದವು. ನಾಡಿಗೆಲ್ಲ ದೀಪ ಬಂದಿತು. ಆಚೆಯ ದಡದ ಜನಕ್ಕೆ ತಮ್ಮ ತಾಲ್ಲೂಕಿನ ಪೇಟೆಯೇ ದೂರವಾಯಿತು. ರೋಗಿಯಾಗಲಿ ವಿದ್ಯಾರ್ಥಿಯಾಗಲಿ ಲಾಂಚು ಬರುವವರೆಗೆ ನೀರಿನಂಚಿನಲ್ಲಿ ಕಾಯಬೇಕಾಯಿತು. ಕತ್ತಲಾದ ಮೇಲೆ ಆ ಆಸೆಯೂ ಇಲ್ಲ. ಈ ಸ್ಥಿತಿ ಆರು ದಶಕಗಳ ಕಾಲ ನಡೆಯಿತು. 2025ರ ಜುಲೈ ತಿಂಗಳಿನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆಯು ತೆರೆಯಲು, ಮುಳುಗಿದ ದಾರಿ ಮತ್ತೊಮ್ಮೆ ನೀರಿನ ಮೇಲೆ ಎದ್ದಂತಾಯಿತು. ಒಂದೂವರೆ ಮೈಲಿಯಷ್ಟು ಉದ್ದವಾದ ಆ ಸೇತುವೆಯ ಮೇಲೆ ಬೈಸಿಕಲ್ಲಿನಲ್ಲಿ ಹಗುರವಾಗಿ ಸಾಗುವ ತರುಣನು, ಇಕ್ಕೆಲದ ನೀರಿನ ಚೆಲುವನ್ನು ನೋಡುವಾಗ, ಅದರಡಿಯಲ್ಲಿ ಯಾರದೋ ಗದ್ದೆಯ ಬದುವೂ ಯಾರದೋ ಮನೆಯ ಅಂಗಳವೂ ಇರುವುದನ್ನು ನೆನೆದರೆ ಒಳ್ಳೆಯದು.

ಈ ಮೂರು ಮಾರ್ಗಗಳಲ್ಲಿ ಯಾವುದನ್ನು ಹಿಡಿದರೂ ಕೆಲವು ನಿಯಮಗಳು ಸಮಾನ. ಮುಂಗಾರಿನ ತಿಂಗಳುಗಳಲ್ಲಿ ಘಟ್ಟವು ಪಾಚಿಗಟ್ಟಿ ಜಾರುತ್ತದೆ, ಮಂಜಿನಲ್ಲಿ ತಿರುವು ಕಾಣುವುದಿಲ್ಲ. ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಪ್ರಶಸ್ತ. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಚಕ್ರದ ಬಳೆ ಕಾಯುವುದು, ಬಿಟ್ಟುಬಿಟ್ಟು ಹಿಡಿಯಬೇಕು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬವನು ಸಮಚಕ್ರದ ಬೈಸಿಕಲ್ಲನ್ನೂ, 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನೂ ತಂದಮೇಲೆ ಈ ವಾಹನವು ಎಲ್ಲರದಾಯಿತು. ಒಂದೇ ಹಲ್ಲುಗಾಲಿಯ ಹಳೆಯ ಬೈಸಿಕಲ್ಲುಗಳನ್ನು ಘಟ್ಟದಲ್ಲಿ ತಳ್ಳಿಕೊಂಡೇ ಏರಬೇಕಾಗಿದ್ದಿತು. ಗೇರುಗಳು ಬಂದ ಮೇಲೆ ತಾಳ್ಮೆಯಿದ್ದವನು ಕುಳಿತೇ ಏರಬಲ್ಲನು. 1923ರಲ್ಲಿ ಮುಂಬಯಿಯ ಪಾರಸಿ ತರುಣರು ಬೈಸಿಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಅದಿ ಹಕೀಮ್, ಜಾಲ್ ಬಾಪಸೋಲ, ರುಸ್ತುಂ ಭೂಮಗಾರ ಎಂಬ ಮೂವರು 1928ರಲ್ಲಿ ಯಾತ್ರೆ ಮುಗಿಸಿ ಹಿಂತಿರುಗಿದರು. 2006ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡಲಾರಂಭಿಸಿದಾಗ, ಮಲೆನಾಡಿನ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯೇ ಹತ್ತಿರ ಬಂದಂತಾಯಿತು. ಒಂದು ಯಾತ್ರೆ ಭೂಮಂಡಲದ್ದು, ಇನ್ನೊಂದು ಎರಡು ಮೂರು ಮೈಲಿಯದು. ಫಲದಲ್ಲಿ ಯಾವುದು ಹಿರಿದೆಂದು ನಿರ್ಣಯಿಸುವುದು ಸುಲಭವಲ್ಲ.

ಇಂದು ಘಟ್ಟದ ದಾರಿಗಳನ್ನು ಅಗಲಮಾಡುವ ಕಾರ್ಯವು ಸಾಗಿದೆ. ದಾರಿ ಅಗಲವಾಗಬಾರದೆಂದು ಯಾರೂ ಹೇಳಲಾರರು. ತುಮರಿಯ ಜನರ ಅರುವತ್ತು ವರ್ಷಗಳ ಕಷ್ಟವನ್ನು ಬಲ್ಲವರು ಆ ಮಾತನ್ನು ಆಡಲೇಬಾರದು. ಆದರೆ ಬೆಟ್ಟದ ಪಾದವನ್ನು ಕಡಿದರೆ ಅದರ ತಲೆ ಜಾರುವುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜೀವಹಾನಿಯಾದುದನ್ನು ಕರಾವಳಿಯು ಮರೆತಿಲ್ಲ. ಹಿಂದಿನವರು ಬೆಟ್ಟವನ್ನು ಬಳಸಿ ಹೋದರು. ಅವರಿಗೆ ಕಡಿಯುವ ಬಲವಿರಲಿಲ್ಲವೆಂಬುದು ನಿಜ, ಬಳಸುವ ವಿವೇಕವಿದ್ದಿತೆಂಬುದೂ ನಿಜ. ಈಗಿನವರಿಗೆ ಬಲವು ಬಂದಿದೆ. ವಿವೇಕವನ್ನು ಹಳೆಯ ಹಾದಿಗಳಿಂದ ಕಲಿಯಬಹುದಾಗಿದೆ.

ಹೊನ್ನಾವರದಲ್ಲಿ ಶರಾವತಿಯು ಕಡಲಿಗೆ ಬೀಳುವ ಅಳಿವೆಯ ಬಳಿ ಪಯಣಿಗನು ಬೈಸಿಕಲ್ಲನ್ನು ಒರಗಿಸಿ ನಿಂತರೆ, ಅವನೆದುರಿಗೆ ಇರುವುದು ಕುಬ್ಜನು ಹೇಳಿದ ಅಪರಾರ್ಣವವೇ. ಮಯೂರಶರ್ಮನಿಗೆ ಅದು ರಾಜ್ಯದ ಎಲ್ಲೆ, ಮೆಣಸಿನ ವರ್ತಕನಿಗೆ ಸಂತೆಯ ಬಾಗಿಲು. ತಾಳಗುಂದದ ಕಲ್ಲುಕಂಬದಿಂದ ಇಲ್ಲಿಯವರೆಗೆ ತನ್ನ ಕಾಲ ಬಲದಿಂದಲೇ ಬಂದವನಿಗೆ, ಆ ಎರಡು ಊರುಗಳ ನಡುವಿನ ನೆಲವು ಇನ್ನು ಬರಿಯ ಭೂಪಟದ ಗೆರೆಯಾಗಿ ಉಳಿಯಲಾರದು.