ಪಾಳಿ ಮುಗಿಸಿದವರು

ನಮ್ಮ ತಂದೆ ಕೋಲಾರ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಯಾರು ಎಷ್ಟು ಹೊತ್ತಿಗೆ ಕೆಳಗಿಳಿದರು, ಯಾರು ಎಷ್ಟು ಹೊತ್ತಿಗೆ ಮೇಲೆ ಬಂದರು ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ರಾತ್ರಿ ಊಟಕ್ಕೆ ಕುಳಿತಾಗ "ಇವತ್ತು ಎಲ್ಲರೂ ಬಂದರು" ಎಂದರೆ ಅಮ್ಮನ ಕೈಯಿಂದ ಇನ್ನೊಂದು ಸೌಟು ಸಾರು ಧಾರಾಳವಾಗಿ ಬೀಳುತ್ತಿತ್ತು. ಅವರು ಏನೂ ಹೇಳದ ದಿನ ನಾವೂ ಏನೂ ಕೇಳುತ್ತಿರಲಿಲ್ಲ.

ಆ ಊರಿನಲ್ಲಿ ಹುಟ್ಟಿದ ಗಂಡುಹುಡುಗರಿಗೆ ಫುಟ್‌ಬಾಲೋ ಹಾಕಿಯೋ ಯಾವುದಾದರೂ ಒಂದರ ಹುಚ್ಚು ಹಿಡಿಯಲೇಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ತೆಗೆಯಲು ಬಂದಾಗ ಅದರ ಹಿಂದೆ ಬಂದ ಇಂಗ್ಲಿಷರು ಕ್ಲಬ್ಬು, ಚರ್ಚು, ಹೂದೋಟಗಳ ಜೊತೆಗೆ ಚೆಂಡನ್ನೂ ತಂದರು. ಅವರು ಹೋದರು, ಚೆಂಡು ಉಳಿಯಿತು. ನನ್ನ ತಮ್ಮ ಶಾಲೆ ತಪ್ಪಿಸಿ ಸೈನೈಡ್ ದಿಬ್ಬದ ಪಕ್ಕ ಆಡಿ ಮೈಯೆಲ್ಲ ಬೂದಿಬಣ್ಣ ಮಾಡಿಕೊಂಡು ಬರುತ್ತಿದ್ದ. ಆ ಬಟ್ಟೆ ಒಗೆಯುವುದು ನನ್ನ ಪಾಲಿನ ಫುಟ್‌ಬಾಲು. ಕೊನೆಗೆ ಆ ಆಟದ ದೆಸೆಯಿಂದಲೇ ಅವನಿಗೆ ಗಣಿಯಲ್ಲಿ ಕೆಲಸವೂ ಸಿಕ್ಕಿತು.

1978ರ ವಿಶ್ವಕಪ್ಪಿನಲ್ಲಿ ಪೆರು ದೇಶದ ತೆಯೊಫಿಲೊ ಕುಬಿಯಾಸ್ ಸ್ಕಾಟ್ಲೆಂಡಿನ ವಿರುದ್ಧ ಎರಡು ಗೋಲು ಹೊಡೆದ. ಪೆರು 3-1ರಿಂದ ಗೆದ್ದಿತು. ಪತ್ರಿಕೆಯಲ್ಲಿ ಬಂದ ಅವನ ಚಿತ್ರವನ್ನು ತಮ್ಮ ಅಕ್ಕಿ ಡಬ್ಬಕ್ಕೆ ಅಂಟಿಸಿದ. ಡಬ್ಬ ಒರೆಸುವಾಗ ಅಮ್ಮ ಆ ಮುಖವನ್ನೂ ಒರೆಸುತ್ತಿದ್ದಳು. "ಯಾರೋ ನಮ್ಮ ಲೈನಿನ ಹುಡುಗನ ಹಾಗೇ ಇದ್ದಾನೆ" ಅನ್ನುತ್ತಿದ್ದಳು. ಕುಬಿಯಾಸನ ಕ್ಲಬ್ಬಿನ ಹೆಸರು ಅಲಿಯಾನ್ಸ ಲೀಮಾ ಎಂಬುದು ಹೀಗೆ ನಮ್ಮ ಅಡಿಗೆಮನೆಯವರೆಗೂ ಬಂತು.

ಆ ಕ್ಲಬ್ಬಿನ ಕಥೆ ನನಗೆ ಇಷ್ಟ. 1901ರಲ್ಲಿ ಲೀಮಾ ನಗರದ ಕುದುರೆಲಾಯದ ಹುಡುಗರು, ಕೂಲಿಕಾರರು ಕಟ್ಟಿಕೊಂಡದ್ದು. ಬಹುಮಂದಿ ಕಪ್ಪುಜನ. ಲಾಯದಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿದು ಸಂಜೆ ಆಡುತ್ತಿದ್ದವರು. ಅವರ ಕಡು ಎದುರಾಳಿ ಯೂನಿವರ್ಸಿತಾರಿಯೊ. 1924ರಲ್ಲಿ ಹುಟ್ಟಿದ ಅದು, ಹೆಸರೇ ಹೇಳುವಂತೆ, ಓದುವ ಹುಡುಗರ ತಂಡ. ನಮ್ಮ ಕಡೆ ಅಂಡರ್‌ಗ್ರೌಂಡಿನವರಿಗೂ ಆಫೀಸಿನವರಿಗೂ ಪಂದ್ಯ ನಡೆದಂತೆ ಎಂದುಕೊಳ್ಳಿ. ಇನ್ನೊಂದು ಸಂಗತಿ ಹೆಂಗಸರಿಗೆ ಹೇಳದೆ ಇರಲಾರೆ. ಅಲಿಯಾನ್ಸದ ಅಂಗಿ ನೀಲಿ-ಬಿಳಿ ಪಟ್ಟೆ. ಅಕ್ಟೋಬರ್ ಬಂದರೆ ಮಾತ್ರ ನೇರಳೆ ಬಣ್ಣದ್ದು. ಆ ತಿಂಗಳು ಲೀಮಾದಲ್ಲಿ 'ಪವಾಡಗಳ ಪ್ರಭು'ವಿನ ಮೆರವಣಿಗೆ. ಭಕ್ತರೆಲ್ಲ ನೇರಳೆ ಉಡುತ್ತಾರೆ, ತಂಡವೂ ಉಡುತ್ತದೆ.

1987ರ ಹೊತ್ತಿಗೆ ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದು ವರ್ಷಗಳಾಗಿದ್ದವು. ಮಾರಿಕುಪ್ಪಂನಿಂದ ಬರುವ ರೈಲಿನಲ್ಲಿ ತಮ್ಮ ಭಾನುವಾರಗಳಂದು ಬಂದು ಹೋಗುತ್ತಿದ್ದ. ಆ ಡಿಸೆಂಬರಿನ ಒಂದು ಭಾನುವಾರ ಅವನು ಜೇಬಿನಿಂದ ಬೆರಳುದ್ದದ ಪತ್ರಿಕೆಯ ತುಂಡೊಂದನ್ನು ತೆಗೆದು ನನ್ನ ಮುಂದಿಟ್ಟ. ಇಡ್ಲಿ ಮುಟ್ಟಲಿಲ್ಲ.

ಆ ತುಂಡಿನಲ್ಲಿ ನಾಲ್ಕು ಸಾಲು ಮಾತ್ರ ಇದ್ದವು. ಉಳಿದದ್ದು ನಾನು ನಂತರದ ವರ್ಷಗಳಲ್ಲಿ ಓದಿ ಕೂಡಿಸಿಕೊಂಡದ್ದು. ಆ ಸಾಲಿನ ಪೆರು ಲೀಗಿನಲ್ಲಿ ಅಲಿಯಾನ್ಸ ಎಲ್ಲರಿಗಿಂತ ಮೇಲಿತ್ತು. ಎಳೆಯ ಹುಡುಗರ ತಂಡ. ಜನ ಅವರನ್ನು 'ಮರಿಕುದುರೆಗಳು' ಎಂದು ಕರೆಯುತ್ತಿದ್ದರು. ಲೂಯಿಸ್ ಎಸ್ಕೊಬಾರ್ ಎಂಬವನಿಗೆ 18 ವರ್ಷ. ತರಬೇತುದಾರ ಮಾರ್ಕೊಸ್ ಕಾಲ್ದೆರೋನ್, 1978ರಲ್ಲಿ ಕುಬಿಯಾಸನಿದ್ದ ಪೆರು ತಂಡವನ್ನು ವಿಶ್ವಕಪ್ಪಿಗೆ ಕರೆದೊಯ್ದವನೇ. 1978ರ ನಂತರ ಅಲಿಯಾನ್ಸಕ್ಕೆ ಲೀಗಿನ ಪಟ್ಟ ಸಿಕ್ಕಿರಲಿಲ್ಲ. ಈ ಸಲ ಸಿಗುವಂತೆ ಕಾಣುತ್ತಿತ್ತು.

ಡಿಸೆಂಬರ್ 8ರಂದು ಕಾಡುಸೀಮೆಯ ಪುಕಾಯ್ಪ ಎಂಬ ಊರಿನಲ್ಲಿ ಅವರು 1-0ರಿಂದ ಗೆದ್ದರು. ವಾಪಸು ಬರಲು ನೌಕಾಪಡೆಯ ಫೋಕರ್ ವಿಮಾನ. ಕತ್ತಲಾಗಿತ್ತು. ಲೀಮಾ ಸಮೀಪಿಸಿದಾಗ ಚಕ್ರ ಇಳಿದಿದೆಯೋ ಇಲ್ಲವೋ ತಿಳಿಸುವ ದೀಪ ಸರಿಯಾಗಿ ತೋರಿಸಲಿಲ್ಲ. ಕೆಳಗಿನವರು ನೋಡಿ ಹೇಳಲಿ ಎಂದು ವಿಮಾನ ನಿಲ್ದಾಣದ ಮೇಲೆ ಹಾದುಹೋಯಿತು. ಚಕ್ರ ಇಳಿದಿದೆ ಎಂದು ಕೆಳಗಿನಿಂದ ಹೇಳಿದರು. ಮತ್ತೆ ಇಳಿಯಲು ಸಮುದ್ರದ ಮೇಲೆ ಸುತ್ತು ಹಾಕಿತು. ವೆಂತಾನಿಯ ಎಂಬಲ್ಲಿ ಅದರ ರೆಕ್ಕೆ ನೀರು ತಾಗಿತು. 44 ಮಂದಿಯಲ್ಲಿ 43 ಮಂದಿ ಹೋದರು. ಉಳಿದವನು ಪೈಲಟ್ ಒಬ್ಬನೇ. ಆಲ್ಫ್ರೆದೊ ತೊಮಸ್ಸೀನಿ ಎಂಬ ಆಟಗಾರ ಕಾಲು ಮುರಿದುಕೊಂಡು ತನ್ನ ಜೊತೆ ಬಹಳ ಹೊತ್ತು ತೇಲುತ್ತಿದ್ದ, ಆಮೇಲೆ ಕೈಬಿಟ್ಟುಹೋದ ಎಂದು ಪೈಲಟ್ ಹೇಳಿದ. ತೊಮಸ್ಸೀನಿಯ ಶವ ಸಿಗಲೇ ಇಲ್ಲ.

"ಶವ ಸಿಗದಿದ್ದರೆ ಅವನಮ್ಮ ಏನು ಮಾಡುತ್ತಾಳೆ ಅಕ್ಕ?" ಎಂದು ತಮ್ಮ ಕೇಳಿದ.

ಈ ಪ್ರಶ್ನೆ ಗಣಿಯವರಿಗೆ ಹೊಸದಲ್ಲ. ನಮ್ಮಲ್ಲಿ ಭೂಮಿ 3 ಕಿಲೋಮೀಟರಿಗೂ ಆಳ ತೋಡಿದ್ದು. ಒತ್ತಡಕ್ಕೆ ಬಂಡೆ ಸಿಡಿದರೆ ಮೊದಲು ತಿಳಿಯುತ್ತಿದ್ದುದು ಮನೆಯ ಹೆಂಗಸರಿಗೆ. ಗೂಡಿನಲ್ಲಿಟ್ಟ ಲೋಟಗಳು ಗಲಗಲ ಎನ್ನುತ್ತಿದ್ದವು, ಆಮೇಲೆ ಸೈರನ್ನು. ಒಲೆ ಆರಿಸಿ, ಮಗುವನ್ನು ಪಕ್ಕದವರ ಕೈಗೆ ಕೊಟ್ಟು, ತಲೆಯ ಮೇಲೆ ಸೆರಗೆಳೆದು ಶಾಫ್ಟಿನ ಗೇಟಿಗೆ ಓಡುವುದು. ಅಲ್ಲಿ ಯಾರೂ ಅಳುತ್ತಿರಲಿಲ್ಲ. ಅತ್ತರೆ ಅಪಶಕುನ. ನನಗೆ ಹನ್ನೆರಡು ವರ್ಷವಿದ್ದಾಗ ಒಂದು ರಾತ್ರಿ ಅಮ್ಮನ ಜೊತೆ ನಾನೂ ನಿಂತಿದ್ದೆ. ಒಳಗೆ ತಂದೆ ರಿಜಿಸ್ಟರ್ ಹಿಡಿದು ಹೆಸರು ಓದುತ್ತಿದ್ದರು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಅವರು ಅದನ್ನೇ ಮೂರು ಸಲ ಓದಿದರು. ಮರುದಿನ ಬೆಳಿಗ್ಗೆ ಅದೇ ಶಾಫ್ಟಿಗೆ ಬೇರೆ ಪಾಳಿ ಇಳಿಯಿತು.

ಲೀಮಾದಲ್ಲೂ ಜನ ಸಮುದ್ರದ ದಂಡೆಯಲ್ಲಿ ಕಾದರು. ಮುಖ್ಯ ಗೋಲಿ ಹೊಸೆ ಗೊನ್ಸಾಲೆಸ್ ಗನೋಸನ ಅಕ್ಕತಂಗಿಯರ ಪೈಕಿ ಒಬ್ಬಳಿಗೆ ಇನ್ನೂ ನಾಲ್ಕು ತುಂಬದ ಮಗನಿದ್ದ. ಅವನೇ ಮುಂದೆ 2018ರ ವಿಶ್ವಕಪ್ಪಿನಲ್ಲಿ ಆಡಿದ ಪಾವ್ಲೊ ಗೆರೆರೊ. ಅಷ್ಟು ದೊಡ್ಡ ಆಟಗಾರನಾದ ಮೇಲೂ ವಿಮಾನ ಹತ್ತಲು ಹೆದರುತ್ತಿದ್ದ. ಏನಾಯಿತೆಂಬ ತನಿಖೆಯ ವರದಿಯನ್ನು ನೌಕಾಪಡೆ ಮನೆಯವರಿಗೆ ತೋರಿಸಲಿಲ್ಲ. ಅದು ಹೊರಬಂದದ್ದು 2006ರಲ್ಲಿ, ಟೀವಿಯವರ ಮೂಲಕ. ಮಗ ಸತ್ತ ಕಾರಣ ತಿಳಿಯಲು ಸುಮಾರು ಹತ್ತೊಂಬತ್ತು ವರ್ಷ ಕಾಯಬೇಕಾದ ತಾಯಂದಿರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ತಮ್ಮನನ್ನು ಕಾಡಿದ್ದು ಬೇರೆಯೇ. "ಲೀಗ್ ಮುಗಿದಿಲ್ಲ, ಇನ್ನು ಪಂದ್ಯಗಳಿವೆ" ಎಂದ. ನಾನು ರೇಗಿದೆ. ಹದಿನಾರು ಹುಡುಗರು ಸತ್ತಿದ್ದಾರೆ, ಇವನಿಗೆ ಪಂದ್ಯದ ಚಿಂತೆ!

ಅವನು ಹೇಳಿದ್ದೇ ನಡೆಯಿತು. ಆ ದಿನ ವಿಮಾನ ಹತ್ತದೆ ಉಳಿದ ಕೆಲವರು, ಕ್ಲಬ್ಬಿನ ಎಳೆ ಹುಡುಗರು ಸೇರಿ ತಂಡ ಕಟ್ಟಿದರು. ಆಟ ಬಿಟ್ಟು ಕುಳಿತಿದ್ದ ಕುಬಿಯಾಸ್, 38 ವರ್ಷದವನು, ಮತ್ತೆ ಬೂಟು ಕಟ್ಟಿದ. ನಮ್ಮ ಅಕ್ಕಿ ಡಬ್ಬದ ಕುಬಿಯಾಸ್! ಚಿಲಿ ದೇಶದ ಕೊಲೊ-ಕೊಲೊ ಕ್ಲಬ್ ತನ್ನ ನಾಲ್ವರು ಆಟಗಾರರನ್ನು ಎರವಲು ಕಳಿಸಿತು. ಚಿಲಿಗೂ ಪೆರುವಿಗೂ 1879ರಿಂದ ದೊಡ್ಡ ಯುದ್ಧ ನಡೆದು, 1881ರಲ್ಲಿ ಚಿಲಿಯ ಸೈನ್ಯ ಲೀಮಾವನ್ನೇ ಹಿಡಿದಿತ್ತು. ಆ ಕಹಿ ನೂರು ವರ್ಷವಾದರೂ ಹೋಗಿರಲಿಲ್ಲ. ಅಂಥ ಊರಿನಿಂದ ಹುಡುಗರು ಬಂದು ಸತ್ತವರ ಅಂಗಿ ತೊಟ್ಟು ಆಡಿದರು. ನಮ್ಮಲ್ಲಿ ಇದಕ್ಕೆ ಸಮನಾದದ್ದು ಏನಾಗಬಹುದು ಎಂದು ನೀವೇ ಊಹಿಸಿಕೊಳ್ಳಿ.

ಪಟ್ಟ ಸಿಗಲಿಲ್ಲ. 1987ರ ಲೀಗ್ ಗೆದ್ದದ್ದು ಯೂನಿವರ್ಸಿತಾರಿಯೊ, ಅಲಿಯಾನ್ಸ ಎರಡನೆಯದು. ಪಟ್ಟಿ ನೋಡಿದವರಿಗೆ ಕಾಣುವುದು ಇಷ್ಟೇ, ತಂದೆಯ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಒಂದು ಗೆರೆಯಂತೆ. ಆ ಮೇಲೆ ಅವರು ಲೀಗ್ ಗೆಲ್ಲಲು 1997 ಬರಬೇಕಾಯಿತು.

ನಮ್ಮ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತಮ್ಮನಿಗೆ ಬೆಂಗಳೂರಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಗಣಿಯ ಮಂದಿ ಎಷ್ಟೋ ಜನ ಆಗ ಹಿಡಿದ ದಾರಿಯೇ ಅದು. ಮಾರಿಕುಪ್ಪಂ ರೈಲು ಬಂಗಾರಪೇಟೆಯಲ್ಲಿ ನಿಂತಾಗ ನಾನು ಕೆಲವು ದಿನ ಡಬ್ಬಿ ಹಿಡಿದು ಹೋಗುತ್ತಿದ್ದೆ. ಅಲಿಯಾನ್ಸ ಲೀಮಾಕ್ಕೆ ಆ ವರ್ಷ ನೂರು ತುಂಬಿತ್ತು. ಡಿಸೆಂಬರಿನಲ್ಲಿ ಅವರು ಪಟ್ಟ ಗೆದ್ದರು. ಬೆಂಗಳೂರಿನ ಇಂಟರ್ನೆಟ್ ಅಂಗಡಿಯೊಂದರಲ್ಲಿ ಹತ್ತು ರೂಪಾಯಿ ಕೊಟ್ಟು ತಿಳಿದುಕೊಂಡು ಬಂದು, ರೈಲಿನ ಕಿಟಕಿಯಿಂದ ಕೈ ಚಾಚಿ ಡಬ್ಬಿ ತೆಗೆದುಕೊಳ್ಳುತ್ತ ಹೇಳಿದ: "ಅಕ್ಕ, ನಮ್ಮವರು ಗೆದ್ದರು." ಯಾರು ನಮ್ಮವರು ಎಂದು ಕೇಳುವಷ್ಟರಲ್ಲಿ ರೈಲು ಹೊರಟಿತ್ತು.