ಗುರುಗಳಿಲ್ಲದ ಭಾನುವಾರಗಳು: ಸೇಲಂ–ಧರ್ಮಪುರಿ ಸೀಮೆಯ ಕಥೋಲಿಕರು

ಧರ್ಮಪುರಿ ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1997ರ ಜನವರಿಯಲ್ಲಿ. ಅದರ ತಾಯಿಯಾದ ಸೇಲಂ ಧರ್ಮಪ್ರಾಂತ್ಯ ಹುಟ್ಟಿದ್ದು 1930ರ ಮೇ ತಿಂಗಳಲ್ಲಿ. ಅದೂ ಪುದುಚೇರಿ, ಕುಂಭಕೋಣಂ, ಮೈಸೂರು ಧರ್ಮಪ್ರಾಂತ್ಯಗಳ ಅಂಚುಗಳನ್ನು ಕತ್ತರಿಸಿ ಹೊಲಿದದ್ದು. ಆದರೆ ಈ ಸೀಮೆಗೆ ಕ್ರೈಸ್ತಧರ್ಮ ಬಂದದ್ದು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲೇ. ಸುಮಾರು ಮುನ್ನೂರು ವರ್ಷ ಇಲ್ಲಿನ ಕಥೋಲಿಕರು ಬೇರೆಲ್ಲೋ ಇದ್ದ ಕೇಂದ್ರವೊಂದರ ಅಂಚಿನಲ್ಲೇ ಬಾಳಿದರು. ದೇವಾಲಯ ಕಟ್ಟಿದ ವರ್ಷ, ಗುರುಗಳ ಹೆಸರುಗಳ ಪಟ್ಟಿ ಇಟ್ಟುಕೊಂಡು ಇವರ ಚರಿತ್ರೆ ಬರೆಯಹೊರಟರೆ ಬಹುಪಾಲು ಕಥೆ ಕೈತಪ್ಪಿಹೋಗುತ್ತದೆ.

ಮಧುರೆಯಲ್ಲಿದ್ದ ಯೇಸುಸಭೆಯ ರೊಬೆರ್ತೊ ದೆ ನೊಬಿಲಿ ಸನ್ಯಾಸಿಯ ಉಡುಪಿನಲ್ಲಿ ಉತ್ತರಕ್ಕೆ ಹೊರಟದ್ದು 1623ರಲ್ಲಿ. ಶೇಂದಮಂಗಲ, ಸೇಲಂಗಳಲ್ಲಿ ಅವರಿಗೆ ನೆಲೆ ಸಿಕ್ಕಿತು. ತಿರುಮಂಗಳ ನಾಯಕ ಎಂಬ ಪಾಳೆಯಗಾರ ಮನೆತನದವನು 1625ರಲ್ಲಿ ಜ್ಞಾನಸ್ನಾನ ಪಡೆದ. ಶತಮಾನದ ನಡುವೆ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ತೆರೆದು ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಹೀಗೆ ತಮಿಳಿನ ಮಧುರೆ ಮಿಷನ್ ಒಂದು ಕಡೆ, ಕನ್ನಡದ ಮೈಸೂರು ಮಿಷನ್ ಇನ್ನೊಂದು ಕಡೆ. ನಡುವಿನ ಈ ಸೀಮೆಯೋ, ಮಧುರೆ ನಾಯಕರ ಕೈಯಿಂದ ಮೈಸೂರು ಒಡೆಯರಿಗೆ, 1792ರ ಒಪ್ಪಂದದಲ್ಲಿ ಟಿಪ್ಪುವಿನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ದೊರೆಗಳು ಬದಲಾದರೂ ಗುರುಗಳ ಕೊರತೆ ಮಾತ್ರ ಬದಲಾಗಲಿಲ್ಲ.

ಆ ಕೊರತೆ ತುಂಬಿದವನು ಉಪದೇಶಿ. ತಮಿಳಿನಲ್ಲಿ ಅವನನ್ನು ವೇದಿಯರ್ ಎಂದೂ ಕರೆಯುತ್ತಿದ್ದರು. ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸುವುದು, ಮಕ್ಕಳಿಗೆ ಮಂತ್ರಗಳನ್ನು ಬಾಯಿಪಾಠ ಮಾಡಿಸುವುದು, ಸಾಯುವ ಕೂಸಿನ ತಲೆಗೆ ಜ್ಞಾನಸ್ನಾನದ ನೀರು ಹಾಕುವುದು, ಶವಕ್ಕೆ ಮಣ್ಣು ಮಾಡಿಸುವುದು, ಜಗಳ ಬಿಡಿಸುವುದು ಎಲ್ಲವೂ ಅವನ ತಲೆಗೇ. ತಮಿಳರು ವೀರಮಾಮುನಿವರ್ ಎಂದು ಕರೆಯುವ ಬೆಸ್ಕಿ ಪಾದ್ರಿ ಈ ಉಪದೇಶಿಗಳಿಗೆಂದೇ ‘ವೇದಿಯರ್ ಒಳುಕ್ಕಂ’ ಎಂಬ ನಡತೆಯ ಕೈಪಿಡಿ ಬರೆದರು. ಪುಸ್ತಕ ಬರೆಯಬೇಕಾದಷ್ಟು ಭಾರ ಆ ಹುದ್ದೆಗಿತ್ತು ಎಂಬುದನ್ನು ಗಮನಿಸಬೇಕು.

ಭಾನುವಾರದ ಈ ಕೂಟವನ್ನು ಸುಂದರ ಚಿತ್ರವಾಗಿಸುವ ಆಸೆ ನನಗಿಲ್ಲ. ಮೇಲುಜಾತಿಯವರ ಸಂಗಕ್ಕೆ ಸನ್ಯಾಸಿ ಗುರುಗಳು, ಉಳಿದವರಿಗೆ 1640ರಿಂದ ಪಂಡಾರಸ್ವಾಮಿಗಳು ಎಂದು ಮಿಷನ್ನೇ ಭಾಗ ಮಾಡಿತ್ತು. ವಿಶ್ವಾಸ ಒಂದೇ, ಪಂಕ್ತಿ ಬೇರೆ.

1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಮಾಡಿದಾಗ ಉಪದೇಶಿಯನ್ನು ನೆಚ್ಚಿದ ಈ ಏರ್ಪಾಡಿಗೆ ನಿಜವಾದ ಪರೀಕ್ಷೆ ಬಂತು. 1776ರಲ್ಲಿ ಹೊಣೆ ಹೊತ್ತ ಪ್ಯಾರಿಸ್‌ನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಬೆರಳೆಣಿಕೆಯಷ್ಟು. ಜಪಾನಿನಲ್ಲಿ ಎರಡು ಶತಮಾನಕ್ಕೂ ಮಿಕ್ಕಿ ಗುರುಗಳೇ ಇಲ್ಲದೆ ಜ್ಞಾನಸ್ನಾನ, ಪಂಚಾಂಗಗಳನ್ನು ಉಳಿಸಿಕೊಂಡಿದ್ದ ಕ್ರೈಸ್ತರು 1865ರಲ್ಲಿ ನಾಗಸಾಕಿಯಲ್ಲಿ ಹೊರಬಂದಾಗ ಲೋಕ ಬೆರಗಾಯಿತು. ನಮ್ಮ ಸೀಮೆಯದು ಅಷ್ಟು ಕಠಿಣ ಸ್ಥಿತಿಯಲ್ಲ, ಗುರುಗಳು ಅಪರೂಪಕ್ಕಾದರೂ ಬರುತ್ತಿದ್ದರು. ಆದರೂ ಎರಡು ಕಡೆಯೂ ಸಮುದಾಯ ಬದುಕಿದ್ದು ಬಾಯಿಪಾಠದ ಜಪ ಮತ್ತು ಹಬ್ಬದ ದಿನಗಳ ಲೆಕ್ಕದ ಮೇಲೆ. 1844ರ ಪುದುಚೇರಿ ಸಿನೊಡ್ ಶಾಲೆ ಮತ್ತು ದೇಶೀ ಗುರುಗಳ ತರಬೇತಿಗೆ ಒತ್ತುಕೊಟ್ಟಿತು. ಅದರ ಫಲ ಹಳ್ಳಿಗೆ ಮುಟ್ಟಿದ್ದು ನಿಧಾನವಾಗಿ.

1983ರ ಧರ್ಮಸಭೆಯ ಕಾನೂನು, ಗುರುಗಳು ಸಿಗದ ಭಾನುವಾರ ಜನ ಸೇರಿ ದೇವರ ವಾಕ್ಯ ಕೇಳಿ ಪ್ರಾರ್ಥಿಸುವುದು ಒಳ್ಳೆಯದು ಎಂದಿತು. ಈ ಸೀಮೆಗೆ ಅದೇನು ಹೊಸತೆ? ತಮಿಳುನಾಡಿನಲ್ಲಿ ‘ಅನ್ಬಿಯಂ’, ಕನ್ನಡದಲ್ಲಿ ಕಿರುಕ್ರೈಸ್ತ ಸಮುದಾಯ ಎಂದು ಕರೆಯುವ ನೆರೆಮನೆಗಳ ಕೂಟದಲ್ಲೂ ಉಪದೇಶಿಯ ಹಳೆಯ ನೆರಳಿದೆ.

ಸಂಶೋಧಕರಿಗೆ ಇಲ್ಲೊಂದು ತೊಡಕು. ತುರ್ತಿನಲ್ಲಿ ಬೇರೆಯವರು ಜ್ಞಾನಸ್ನಾನ ಕೊಟ್ಟ ಕೂಸು ಬದುಕಿದರೆ, ಗುರುಗಳು ಬಂದಾಗ ಉಳಿದ ವಿಧಿಗಳನ್ನು ಪೂರೈಸಿ ದಫ್ತರದಲ್ಲಿ ದಾಖಲಿಸುವುದು ವಾಡಿಕೆ. ಹೆಸರುಗಳು ಒಂದೇ ದಿನಾಂಕದಡಿ ಗುಂಪಾಗಿ ಬಿದ್ದಿದ್ದರೆ ಅದು ಗುರುಗಳ ಕುದುರೆ ಊರು ಮುಟ್ಟಿದ ದಿನ. ನೀರು ಹಾಕಿದ ಕೈ ಯಾರದು ಎಂಬುದನ್ನು ಅಂಚಿನ ಚಿಕ್ಕ ಅಕ್ಷರಗಳಲ್ಲಿ ಹುಡುಕಬೇಕು.